ಕಾಣದ್ದೆಲ್ಲ ಇಲ್ಲವೇ?

ಒಂದು ಜಾವಾ ತುಣುಕಿನಲ್ಲಿ ಓಡಬಲ್ಲ ಸಾಲುಗಳು ಹತ್ತು, ಷರತ್ತುಗಳು ಎರಡು ಎಂದಿಟ್ಟುಕೊಳ್ಳೋಣ. ಪರೀಕ್ಷೆಗಳು ಎಂಟು ಸಾಲುಗಳನ್ನು ಓಡಿಸಿದವು. ಷರತ್ತುಗಳ ನಾಲ್ಕು ಕವಲುಗಳಲ್ಲಿ ಎರಡನ್ನು ಮಾತ್ರ ಹೊಕ್ಕವು. ಕವರೇಜ್, ಅಂದರೆ ಪರೀಕ್ಷೆಗಳು ಓಡಿಸಿದ ಕೋಡ್‌ನ ಪಾಲು, ಎಷ್ಟು? ಜಾಕೊಕೊ ಎಂಬ ಉಪಕರಣ ಸಾಲಿನ ಲೆಕ್ಕದಲ್ಲಿ ಶೇ. 80 ಎನ್ನುತ್ತದೆ, ಕವಲಿನ ಲೆಕ್ಕದಲ್ಲಿ ಶೇ. 50. ಅದೇ ಮಾಹಿತಿಯನ್ನು ಪಡೆಯುವ ಸೋನಾರ್‌ಕ್ಯೂಬ್ ಸಾಲು, ಕವಲು ಎರಡನ್ನೂ ಕೂಡಿಸಿ ಹದಿನಾಲ್ಕರಲ್ಲಿ ಹತ್ತು, ಅಂದರೆ ಸುಮಾರು ಶೇ. 71 ಎನ್ನುತ್ತದೆ. ಮೂರೂ ನಿಜ. ಮ್ಯಾನೇಜರ್‌ಗೆ ಬೇಕಿರುವುದು ಒಂದೇ ಅಂಕಿ ಎಂಬುದಷ್ಟೇ ತೊಂದರೆ.

ಭಾಜಕ ಬದಲಾದರೆ ಭಾಗಲಬ್ಧ ಬದಲಾಗುತ್ತದೆ. ಇದಕ್ಕೆ ತತ್ತ್ವಶಾಸ್ತ್ರ ಬೇಕಿಲ್ಲ. ಅದು ಬೇಕಾಗುವುದು ವರದಿಯ ಕೆಂಪು ಸಾಲಿನ ಮುಂದೆ. ಕೆಂಪು ಎಂದರೆ ‘ಈ ಸಾಲು ಓಡಿಲ್ಲ’. ಉಪಕರಣಕ್ಕೆ ಅದು ಗೊತ್ತಾದದ್ದು ಹೇಗೆ? ಓಡಿದ ಗುರುತು ಸಿಕ್ಕಿಲ್ಲ, ಅಷ್ಟೇ. ಕಾಣಲಿಲ್ಲ ಎಂಬುದರಿಂದ ಇಲ್ಲ ಎಂಬ ತೀರ್ಮಾನಕ್ಕೆ ಬರಬಹುದೇ?

ಬರಬಹುದು ಎಂದವರು ಕುಮಾರಿಲ ಭಟ್ಟರ ಪಂಥದ ಮೀಮಾಂಸಕರು. ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆಯ ಅಭಾವ ತಿಳಿಯುತ್ತದೆ. ಹಾಗೆ ತಿಳಿಸುವುದು ಅನುಪಲಬ್ಧಿ (ಕಾಣದಿರುವಿಕೆ) ಎಂಬ ಪ್ರತ್ಯೇಕ ಪ್ರಮಾಣ, ಅಂದರೆ ಜ್ಞಾನದ ಸಾಧನ. ಅದ್ವೈತಿಗಳೂ ಇದನ್ನು ಆರನೆಯ ಪ್ರಮಾಣವೆಂದು ಒಪ್ಪಿದರು. ಪ್ರತ್ಯಕ್ಷವೇ ಸಾಕು, ಇನ್ನೊಂದು ಪ್ರಮಾಣವೇಕೆ ಎಂದು ನೈಯಾಯಿಕರು ತಕರಾರು ತೆಗೆದರು. ಆದರೆ ಒಪ್ಪಿದವರೂ ಬಾಗಿಲನ್ನು ಪೂರಾ ತೆರೆದಿಡಲಿಲ್ಲ. 17ನೇ ಶತಮಾನದ ‘ವೇದಾಂತ ಪರಿಭಾಷಾ’ದಲ್ಲಿ ಧರ್ಮರಾಜಾಧ್ವರೀಂದ್ರರು ಹಾಕುವ ಕರಾರು ಇದು: ವಸ್ತು ಅಲ್ಲಿ ಇದ್ದಿದ್ದರೆ ಕಾಣಲೇಬೇಕಿತ್ತು ಎನ್ನುವಂತಿದ್ದರೆ ಮಾತ್ರ ಕಾಣದಿರುವುದು ಅಭಾವಕ್ಕೆ ಪ್ರಮಾಣ. ಕತ್ತಲಲ್ಲಿ ಗಡಿಗೆ ಕಾಣದಿದ್ದರೆ ಏನೂ ಸಿದ್ಧವಾಗುವುದಿಲ್ಲ.

ಪ್ರೋಗ್ರಾಮರ್‌ಗಳು ದಿನವೂ ಎದುರಿಸುವ ಕತ್ತಲು ಇದೇ. ಜಾಕೊಕೊ ಬೈಟ್‌ಕೋಡ್‌ನ ಪ್ರತಿ ಸೂಚನೆಗೂ ಕಾವಲು ಇಡುವುದಿಲ್ಲ. ಕೆಲವು ಜಾಗಗಳಲ್ಲಷ್ಟೇ ಪ್ರೋಬ್ ಎಂಬ ಕಾವಲು ಇಟ್ಟು, ಪ್ರೋಬ್ ತಲುಪಿದರೆ ಅದರ ಹಿಂದಿನದು ಓಡಿದೆ ಎಂದು ಊಹಿಸುತ್ತದೆ. ಒಂದು ಸಾಲು ಕರೆದ ಮೆಥಡ್ ಎಕ್ಸೆಪ್ಶನ್ ಎಸೆದರೆ ಮುಂದಿನ ಪ್ರೋಬ್ ತನಕ ಓಟ ಸಾಗುವುದೇ ಇಲ್ಲ. ತಪ್ಪು ಇನ್‌ಪುಟ್ ಕೊಟ್ಟಾಗ ಎಕ್ಸೆಪ್ಶನ್ ಬರುತ್ತದೆಯೇ ಎಂದು ನೋಡುವ ಪರೀಕ್ಷೆ ಪಾಸಾಗುತ್ತದೆ, ಆ ಪರೀಕ್ಷೆಗೆ ಆಧಾರವಾದ ಸಾಲೇ ವರದಿಯಲ್ಲಿ ಕೆಂಪಾಗಿರುತ್ತದೆ! ಸಿ ಭಾಷೆಗೆ ಬಳಸುವ ಜಿಕೋವ್ ತನ್ನ ಎಣಿಕೆಯನ್ನು ಸಾಮಾನ್ಯವಾಗಿ ಫೈಲಿಗೆ ಬರೆಯುವುದು ಪ್ರೋಗ್ರಾಂ ಮುಗಿಯುವಾಗ. ನಡುವೆ ಅದನ್ನು ಬಲವಂತವಾಗಿ ಕೊಂದರೆ ಎಣಿಕೆಯೆಲ್ಲ ಹೋಯಿತು. ಪೈಥಾನ್‌ನ ಕವರೇಜ್.ಪೈ ಇನ್ನೊಂದು ಬಗೆ. ಯಾವ ಫೋಲ್ಡರ್ ನೋಡಬೇಕೆಂದು ಹೇಳದಿದ್ದರೆ, ಪರೀಕ್ಷೆಗಳು ಮುಟ್ಟದ ಫೈಲುಗಳು ಲೆಕ್ಕಕ್ಕೇ ಬರುವುದಿಲ್ಲ. ಅಲ್ಲಿ ಕೆಂಪೂ ಇಲ್ಲ, ಶೇಕಡಾವಾರು ಮಾತ್ರ ಸೊಗಸಾಗಿರುತ್ತದೆ. ಇವುಗಳಲ್ಲಿ ಹೆಚ್ಚು ಅಪಾಯಕಾರಿ ಇದೇ. ಸುಳ್ಳು ಕೆಂಪನ್ನು ಕಂಡರೆ ಯಾರಾದರೂ ವಿಚಾರಿಸುತ್ತಾರೆ, ಗೈರುಹಾಜರಾದ ಫೈಲನ್ನು ವಿಚಾರಿಸುವವರು ಕಡಿಮೆ.

ಹಸಿರು ಸಾಲಿನ ಭರವಸೆಯೂ ಅಷ್ಟಕ್ಕಷ್ಟೇ. ಫಲಿತಾಂಶವನ್ನು ಎಲ್ಲಿಯೂ ತಾಳೆ ನೋಡದ ಪರೀಕ್ಷೆಯೂ ಸಾಲನ್ನು ಹಸಿರಾಗಿಸುತ್ತದೆ. ಪರೀಕ್ಷೆ ದೋಷ ಇರುವುದನ್ನು ತೋರಿಸೀತು, ಇಲ್ಲದಿರುವುದನ್ನಲ್ಲ ಎಂದು ಗಣಕ ವಿಜ್ಞಾನಿ ಡೈಕ್‌ಸ್ಟ್ರಾ 1969ರಷ್ಟು ಹಿಂದೆಯೇ ಎಚ್ಚರಿಸಿದ್ದರು.

ಎರಡು ಉಪಕರಣಗಳ ಅಂಕಿ ಹೊಂದದಿದ್ದಾಗ ಯಾವುದು ಸರಿ ಎಂದು ಪಂಚಾಯಿತಿ ಮಾಡುವ ಬದಲು, ‘ಈ ಸಾಲು ಓಡಿದ್ದರೆ ನಿನಗೆ ಕಾಣುತ್ತಿತ್ತೇ?’ ಎಂದು ಎರಡನ್ನೂ ಕೇಳಬೇಕು. ಕರಾರುಪತ್ರದಲ್ಲಿ ‘ಕವರೇಜ್ ಶೇ. 80’ ಎಂದಷ್ಟೇ ಇದ್ದರೆ ಸಹಿ ಹಾಕುವ ಮೊದಲು ಉಪಕರಣ ಯಾವುದು, ಎಣಿಸುವುದು ಏನನ್ನು, ಹೊರಗಿಟ್ಟ ಫೈಲುಗಳು ಯಾವುವು ಎಂಬುದನ್ನೂ ಬರೆಸಿಕೊಳ್ಳಿ.