ಕೋವಿಮೂಲ

ಋಷಿಮೂಲ, ನದೀಮೂಲಗಳನ್ನು ಕೇಳಬಾರದೆಂದು ನಮ್ಮ ಹಿರಿಯರು ಹೇಳುತ್ತಾರೆ. ಕೇಳುತ್ತ ಹೋದರೆ ದೊಡ್ಡದು ಸಣ್ಣದಾಗಿ ಕಂಡೀತೆಂಬ ಅಳುಕು ಈ ಮಾತಿನ ಹಿಂದೆ ಇರಬೇಕು. ಆದರೆ ಶಾಸನ, ಓಲೆಗರಿಗಳ ನಡುವೆ ಹೊತ್ತು ಕಳೆಯುವ ನಮ್ಮಂಥ ಕನ್ನಡ ಮೇಷ್ಟರುಗಳ ಕಸುಬೇ ಮೂಲವನ್ನು ಕೇಳುವುದು. ಯಾವ ಕಾಲದ್ದು, ಯಾರು ಬರೆದದ್ದು, ಯಾವುದು ಮೊದಲಿನದು, ಯಾವುದು ಆಮೇಲೆ ಸೇರಿದ್ದು ಎಂದು ಕೇಳಿ ಕೇಳಿ ಅದೊಂದು ಚಟವೇ ಆಗಿಬಿಡುತ್ತದೆ. ಆ ಚಟವನ್ನು ನಂಬಿಯೇ ಇರಬೇಕು, ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ವರ್ಷ ನನ್ನನ್ನು ಮಾದನಾಯಕನಹಳ್ಳಿಗೆ ಕರೆದೊಯ್ದ. ಅವನ ತಾತನ ಮನೆಯಲ್ಲಿ ಒಂದು ಜೋಡುನಳಿಗೆಯ ಕೋವಿ ಇತ್ತು. ಅದರ ಮೇಲಿನ ‘ಲಿಪಿ’ಯನ್ನು ನಾನು ಓದಿ ಹೇಳಬೇಕಾಗಿತ್ತು.

ಮಾದನಾಯಕನಹಳ್ಳಿ ಎಂದರೆ ಈಗ ಹಳ್ಳಿಯಲ್ಲ. ತುಮಕೂರು ರಸ್ತೆಯ ಎರಡು ಮಗ್ಗುಲಿಗೂ ಗೋದಾಮು, ಕಾರ್ಖಾನೆ, ಲಾರಿಗಳ ಸಾಲು. 2024ರಲ್ಲಿ ಮೆಟ್ರೋ ರೈಲು ಮಾದಾವರದವರೆಗೆ ಬಂದ ಮೇಲೆ ಅಲ್ಲಿನ ನೆಲಕ್ಕೆ ಇನ್ನಷ್ಟು ಬೆಲೆ ಬಂದಿದೆ. ರಾಗಿಯ ಹೊಲಕ್ಕೆ ಹಂದಿ ನುಗ್ಗದಿರಲೆಂದು ಆ ಹಿರಿಯರಿಗೆ ಬೆಳೆ ರಕ್ಷಣೆಯ ಪರವಾನಗಿ ಸಿಕ್ಕಿತ್ತು. ಈಗ ಹೊಲವಿಲ್ಲ, ಹಂದಿಯಿಲ್ಲ, ಪರವಾನಗಿ ಉಳಿದಿದೆ. ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಯಲ್ಲಿಟ್ಟು ಮತ್ತೆ ತರುವುದೊಂದೇ ಅದಕ್ಕೆ ಇದ್ದ ಪ್ರಯಾಣ.

ಮನೆಯವರ ಕಥೆ ಇದು. ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಶಸ್ತ್ರಾಗಾರದಿಂದ ಹೊರಬಿದ್ದ ಕೋವಿಯನ್ನು ಅವರ ಪೂರ್ವಿಕನೊಬ್ಬ ಹೊತ್ತು ತಂದನಂತೆ. ಹಳೆಯ ಸಾಮಾನು ಕೊಳ್ಳುವವನೊಬ್ಬ ಈ ಕಥೆ ಕೇಳಿ ಒಳ್ಳೆಯ ಬೆಲೆ ಹೇಳಿದ್ದ. ಯಾರಾದರೂ ವಿದ್ವಾಂಸರ ರುಜು ಇದ್ದರೆ ಇನ್ನೂ ಒಳ್ಳೆಯದೆಂದೂ ಹೇಳಿದ್ದ. ‘‘ಸಾರ್, ಟಿಪ್ಪು ಕಾಲದ್ದು ಅಂತ ಎರಡು ಸಾಲು ಬರೆದುಕೊಟ್ಟರೆ ಸಾಕು’’ ಎಂದ ನನ್ನ ವಿದ್ಯಾರ್ಥಿ. ಅವನ ಮಗಳಿಗೆ ಕಾಲೇಜಿನ ಶುಲ್ಕ ಕಟ್ಟುವ ಕಾಲ ಅದು. ಅವನು ಕೆಟ್ಟವನಲ್ಲ. ಹುಟ್ಟಿದಂದಿನಿಂದ ಕೇಳಿದ್ದ ಕಥೆಗೆ ಒಂದು ಮೊಹರು ಬೇಡಿದನಷ್ಟೆ.

ಓದುವುದು ಕಷ್ಟವಾಗಲಿಲ್ಲ. ಕೋವಿಗೂ ಒಂದು ಲಿಪಿಶಾಸ್ತ್ರವುಂಟು. ಮುದ್ರೆಗಳನ್ನು ಕಾಲಕ್ರಮದಲ್ಲಿ ಪಟ್ಟಿ ಮಾಡಿದ ಕೈಪಿಡಿಗಳೂ ಉಂಟು. ಇಂಗ್ಲೆಂಡಿನಲ್ಲಿ ನಳಿಗೆಯನ್ನು ಮಾರುವ ಮೊದಲು ಹೆಚ್ಚು ಮದ್ದು ತುಂಬಿ ಹಾರಿಸಿ ಪರೀಕ್ಷಿಸಬೇಕು. ತಡೆದುಕೊಂಡ ನಳಿಗೆಗೆ ಮಾತ್ರ ಮುದ್ರೆ. ಲಂಡನ್ನಿನಲ್ಲಿ ಕೋವಿ ಮಾಡುವವರ ಸಂಘಕ್ಕೆ 1637ರಲ್ಲೇ ಸನ್ನದು ಸಿಕ್ಕಿತ್ತು. ಬರ್ಮಿಂಗ್‌ಹ್ಯಾಮಿಗೆ ತನ್ನದೇ ಪರೀಕ್ಷಾಗೃಹ ಬಂದದ್ದು 1813ರ ಕಾನೂನಿನಿಂದ. ಕಿರೀಟದ ಕೆಳಗೆ ಅಡ್ಡಡ್ಡವಾಗಿಟ್ಟ ಎರಡು ರಾಜದಂಡಗಳು ಬರ್ಮಿಂಗ್‌ಹ್ಯಾಮಿನ ಗುರುತು. ಈ ಕೋವಿಯ ನಳಿಗೆಯನ್ನು ಬಿಚ್ಚಿ ತಿರುಗಿಸಿದಾಗ ಆ ರಾಜದಂಡಗಳು ಸ್ಪಷ್ಟವಾಗಿ ಕಂಡವು. ಪಕ್ಕದಲ್ಲಿ ವಜ್ರಾಕೃತಿಯೊಳಗೆ 12 ಎಂಬ ಅಂಕಿ. ಒಂದು ಪೌಂಡು ಸೀಸದಲ್ಲಿ ಹನ್ನೆರಡು ಸಮ ಗುಂಡು ಮಾಡಿದರೆ ಅದರಲ್ಲೊಂದು ಹಿಡಿಸುವಷ್ಟು ಬಾಯಿ ಎಂದು ಆ ಅಂಕಿಯ ಅರ್ಥ. ಮತ್ತೊಂದೆಡೆ ‘ಚೋಕ್’ ಎಂಬ ಮಾತು. ಎಂದರೆ, ಚರೆ ಚೆದುರದಂತೆ ನಳಿಗೆಯ ತುದಿಯನ್ನು ಕಿರಿದು ಮಾಡಿದ್ದಾರೆ. 1875ರಿಂದ 1887ರವರೆಗೆ ಇಂಥ ನಳಿಗೆಗಳ ಮೇಲೆ ‘ಗುಂಡಿಗಲ್ಲ’ ಎಂಬರ್ಥದ ಇಂಗ್ಲಿಷ್ ಮಾತನ್ನು ಒತ್ತುತ್ತಿದ್ದರು. 1887ರಿಂದ ‘ಚೋಕ್’ ಎಂದು ಬದಲಾಯಿತು, ವಜ್ರಾಕೃತಿಯೂ ಆಗಲೇ ಬಂತು. 1904ರಲ್ಲಿ ರಾಜದಂಡಗಳು ಹೋಗಿ ಬೇರೆ ಮುದ್ರೆಗಳು ಬಂದವು. ಹಾಗಾದರೆ ಈ ಕೋವಿ ಹುಟ್ಟಿದ್ದು 1887ಕ್ಕೂ 1904ಕ್ಕೂ ನಡುವೆ.

ಮುದ್ರೆಗಳು ಇಲ್ಲದಿದ್ದರೂ ಟಿಪ್ಪುವಿನ ಮಾತು ನಿಲ್ಲುತ್ತಿರಲಿಲ್ಲ. ಇದು ನಡು ಮುರಿದು, ಹಿಂಬದಿಯಿಂದ ತೋಟಾ ತುಂಬುವ ಕೋವಿ. ಫ್ರಾನ್ಸಿನ ಲಫೋಷೊ ಇಂಥ ಕೋವಿಗೆ ಒಗ್ಗುವ ತೋಟಾವನ್ನು ರೂಪಿಸಿದ್ದು 1830ರ ದಶಕದಲ್ಲಿ. ಟಿಪ್ಪು ಮಡಿದದ್ದು 1799ರ ಮೇ 4ರಂದು. ಶ್ರೀರಂಗಪಟ್ಟಣದ ಕಾರ್ಖಾನೆಗಳ ನಿಜವಾದ ಕೋವಿಗಳು ಚಕಮಕಿ ಕಲ್ಲಿನವು. ಅವುಗಳ ಮೇಲೆ ಹುಲಿಯ ಮುಖ, ಹುಲಿಯ ಪಟ್ಟೆ, ಟಿಪ್ಪುವೇ ಜಾರಿಗೆ ತಂದ ಮೌಲೂದಿ ಶಕೆಯ ವರ್ಷ ಇರುತ್ತವೆ. ಆ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಗೊತ್ತಿಲ್ಲದವರು ತಿರುವುಮುರುವು ಓದಿ ತಬ್ಬಿಬ್ಬಾಗುವುದುಂಟು.

ಇಷ್ಟು ತಿಳಿದ ಮೇಲೆ ನನಗೆ ಎದುರಾದ ಪ್ರಶ್ನೆ ಕೋವಿಯದಾಗಿರಲಿಲ್ಲ. ನಮ್ಮ ಕಾಲೇಜಿನ ಸಹೋದ್ಯೋಗಿಯೊಬ್ಬರು, ಬಹಳ ಒಳ್ಳೆಯವರು, ‘‘ಬರೆದುಕೊಟ್ಟರೆ ಏನಾದೀತು? ಕೊಳ್ಳುವವನು ಹಣವಂತ, ಮಾರುವವನು ಬಡವ. ಟಿಪ್ಪುವಿಗಂತೂ ನಷ್ಟವಿಲ್ಲ’’ ಎಂದರು. ಈ ಮಾತನ್ನು ನಗೆಯಲ್ಲಿ ತೇಲಿಸಿಬಿಡುವಂತಿಲ್ಲ. ಮನೆಮನೆಯಲ್ಲೂ ಇಂಥ ಕಥೆಗಳಿವೆ. ಅಜ್ಜಿಯ ಅಡ್ಡಿಕೆ ಅರಮನೆಯಿಂದ ಬಂತು, ತಾತನ ಪಂಚೆಯನ್ನು ದಿವಾನರು ಹೊದಿಸಿದರು. ಇವನ್ನೆಲ್ಲ ಸಾಕ್ಷ್ಯ ಕೇಳಿ ಅಳಿಸುತ್ತ ಹೋಗುವವನು ಹಬ್ಬದ ಮನೆಯಲ್ಲಿ ಲೆಕ್ಕ ಕೇಳಿದವನ ಹಾಗೆ.

ಆದರೆ ಜಗಲಿಯ ಮೇಲೆ ಹೇಳುವ ಕಥೆಗೂ ಕಾಗದದ ಮೇಲೆ ಹಾಕುವ ರುಜುವಿಗೂ ವ್ಯತ್ಯಾಸವಿದೆ. ಕಥೆ ಮನೆಯೊಳಗೇ ಇರುತ್ತದೆ. ಕೇಳುವವನಿಗೆ ಹೇಳುವವನ ಪರಿಚಯವಿರುತ್ತದೆ, ಎಷ್ಟು ನಂಬಬೇಕೋ ಅಷ್ಟು ನಂಬುತ್ತಾನೆ. ರುಜುವಾದ ಕಾಗದ ಪರಿಚಯವಿಲ್ಲದವರ ಕೈಗೆ ಹೋಗುವುದಕ್ಕೆಂದೇ ಹುಟ್ಟಿದ್ದು. ನಮ್ಮ ತಾಮ್ರಪಟಗಳ ಕಥೆಯನ್ನೇ ನೋಡಿ. ಗಂಗರ ಹೆಸರಿನ ಹಲವು ತಾಮ್ರಪಟಗಳು ಖೊಟ್ಟಿ ಎಂದು ಫ್ಲೀಟ್ ಪಟ್ಟುಹಿಡಿದರು. ರೈಸ್ ಅವನ್ನು ಸಮರ್ಥಿಸಿಕೊಂಡರು. ಹೇಳಿಕೊಂಡ ಶಕವರ್ಷಕ್ಕಿಂತ ಲಿಪಿ ಈಚಿನದು, ತಿಥಿಗೂ ವಾರಕ್ಕೂ ತಾಳೆಯಿಲ್ಲ, ಇಂಥವು ವಾದದ ಎಳೆಗಳು. ಖೊಟ್ಟಿ ಪಟವನ್ನು ಯಾರಾದರೂ ಏಕೆ ಬರೆಸುತ್ತಾರೆ? ಜಮೀನಿಗಾಗಿ. ಬರೆಸಿದವನು ತಿಳಿದೇ ಬರೆಸಿರುತ್ತಾನೆ. ಅವನ ಮೊಮ್ಮಗ ಅದನ್ನು ದೇವರ ಪೆಟ್ಟಿಗೆಯಲ್ಲಿಟ್ಟು ಪೂಜಿಸುತ್ತಾನೆ, ಅವನಲ್ಲಿ ಕಪಟವಿಲ್ಲ. ಕಪಟವಿಲ್ಲದ ಆ ಮೂರನೆಯ ತಲೆಯವನೇ ಎಲ್ಲರಿಗಿಂತ ಗಟ್ಟಿಯಾದ ಸಾಕ್ಷಿಯಾಗುತ್ತಾನೆ. ಮಾದನಾಯಕನಹಳ್ಳಿಯ ಮನೆಯಲ್ಲಿ ಈ ತಲೆಮಾರುಗಳು ಆಗಲೇ ಕಳೆದಿದ್ದವು. ಬಾಕಿಯಿದ್ದದ್ದು ಪಟ ಬರೆಯುವವನು. ಆ ಕೆಲಸಕ್ಕೆ ನನ್ನನ್ನು ಕರೆದಿದ್ದರು.

ನಷ್ಟ ಯಾರಿಗೂ ಇಲ್ಲ ಎಂಬುದೂ ಸರಿಯಲ್ಲ. ನಳಿಗೆಯ ಮೇಲೆ ನೀರಲೆಯಂಥ ಗೆರೆಗಳಿದ್ದವು. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹುರಿಮಾಡಿ, ಸರಳಿಗೆ ಸುತ್ತಿ, ಕಾಯಿಸಿ ಬೆಸೆದ ಡಮಾಸ್ಕಸ್ ನಳಿಗೆ ಅದು. ನೋಡಲು ಸೊಗಸು. ಆದರೆ ಹೊಗೆಯಿಲ್ಲದ ಈಗಿನ ಮದ್ದಿಗೆ ಅದನ್ನು ಪರೀಕ್ಷಿಸಿದ ಮುದ್ರೆ ಇರಲಿಲ್ಲ. ಕಪ್ಪುಮದ್ದಿಗೆ ಮಾತ್ರ ಪರೀಕ್ಷೆಯಾಗಿತ್ತು. ಇಂಥದಕ್ಕೆ ಅಂಗಡಿಯ ಹೊಸ ತೋಟಾ ಹಾಕಿ ಹಾರಿಸಿದರೆ ನಳಿಗೆ ಸಿಡಿದು ಎಡಗೈ ಹೋಗಬಹುದು. ಕೋವಿಯ ವಯಸ್ಸನ್ನು ಬೇಕಾದಂತೆ ಹೇಳುವವನು ಈ ಎಚ್ಚರಿಕೆಯನ್ನು ಯಾವ ಬಾಯಿಂದ ಹೇಳುತ್ತಾನೆ?

ಕಾನೂನಿನ ಮಾತೂ ಬಂತು. ಹಳೆಯ ಕೋವಿಗೆ ಪರವಾನಗಿ ಬೇಡವೆಂದು ಹುಡುಗ ಎಲ್ಲೋ ಕೇಳಿದ್ದ. 1959ರ ಶಸ್ತ್ರ ಕಾಯಿದೆಯ 45ನೆಯ ಕಲಮು ಹಳೆಯ ಮಾದರಿಯ, ಪುರಾತನ ಬೆಲೆಯುಳ್ಳ ಆಯುಧವನ್ನು ಹೊರಗಿಡುವುದು ನಿಜ. ಆದರೆ ರಿಪೇರಿ ಮಾಡಿದರೂ ಹಾರಲಾರದ್ದಾಗಿರಬೇಕು. ಈ ಕೋವಿಯ ಬಲಗಡೆಯ ಕುದುರೆಯ ಕಮಾನು ಮುರಿದಿದೆ. ಒಳ್ಳೆಯ ಕೆಲಸಗಾರ ಒಂದು ಮಧ್ಯಾಹ್ನದಲ್ಲಿ ಸರಿಮಾಡಿಯಾನು. ಈ ಕಲಮಿನ ಮಟ್ಟಿಗೆ ಮುಪ್ಪೊಂದೇ ಸಾಲದು, ಪೂರ್ತಿ ಅಶಕ್ತವಾಗಿರಬೇಕು. ಕೊಡಗಿನಲ್ಲಾದರೆ ಬೇರೆ ಮಾತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 1861ರಿಂದ ವಿನಾಯಿತಿ ನಡೆದುಬಂದಿದೆ. 2019ರ ಅಧಿಸೂಚನೆ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟು ಎತ್ತಿಹಿಡಿಯಿತು. ಅಲ್ಲಿ ಕೈಲ್‌ಪೊದ್ ದಿನ ಕೋವಿಗೆ ತೋಕ್‌ಪೂ ಮುಡಿಸಿ ಪೂಜಿಸುವವರು ನಳಿಗೆಯನ್ನು ತಿರುಗಿಸಿ ಮುದ್ರೆ ಹುಡುಕುವುದಿಲ್ಲ. ಕೋವಿ ಯಾವ ಮನೆಯದೆಂಬುದೇ ಅಲ್ಲಿ ಅದರ ಹೆಸರು.

ಹಿರಿಯರಿಗೆ ಎಲ್ಲವನ್ನೂ ಹೇಳಿದೆ. ಬೇಸರವಾದೀತೆಂದುಕೊಂಡಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘‘ಅಂಗಾದ್ರೆ ಇದನ್ನ ಮಾಡ್ದೋನು ಯಾರು, ಮೇಷ್ಟ್ರೇ?’’ ಎಂದು ಕೇಳಿದರು. ಕಾಲಕ್ಕಿಂತ ಕಠಿಣವಾದ ಪ್ರಶ್ನೆ ಇದು. ನಳಿಗೆಗಳ ನಡುವಣ ಪಟ್ಟಿಯ ಮೇಲೆ ಕಲ್ಕತ್ತೆಯ ಅಂಗಡಿಯೊಂದರ ಹೆಸರು ಚೆಲುವಾಗಿ ಕೊರೆದಿದೆ. ಅದು ಮಾರಿದವರ ಹೆಸರು. ಆಗಿನ ಪದ್ಧತಿಯೇ ಹಾಗೆ; ಬರ್ಮಿಂಗ್‌ಹ್ಯಾಮಿನಲ್ಲಿ ಮಾಡಿಸಿ, ಕಲ್ಕತ್ತೆಯ ಅಂಗಡಿ ತನ್ನ ಹೆಸರು ಕೆತ್ತಿಸಿ ಮಾರುತ್ತಿತ್ತು. ಲಂಡನ್ನಿನ ಹೆಸರಾಂತ ಜೋಸೆಫ್ ಮ್ಯಾಂಟನ್ 1826ರಲ್ಲಿ ದಿವಾಳಿಯೆದ್ದು 1835ರಲ್ಲಿ ತೀರಿಕೊಂಡ. ಅವನ ಹೆಸರು ಮಾತ್ರ ಅವನು ಮುಟ್ಟದ ಕೋವಿಗಳ ಮೇಲೆ ಬಹುಕಾಲ ಬಾಳಿತು. ಇನ್ನು ಬರ್ಮಿಂಗ್‌ಹ್ಯಾಮಿನಲ್ಲಾದರೂ ಒಬ್ಬ ಕರ್ತೃ ಇದ್ದನೇ? ನಳಿಗೆ ಬೆಸೆಯುವವನು ಬೇರೆ, ಕೊರೆಯುವವನು ಬೇರೆ, ಕುದುರೆ ಅರೆಯುವವನು, ಮರ ಕೂರಿಸುವವನು, ಹೂಬಳ್ಳಿ ಕೆತ್ತುವವನು ಬೇರೆ ಬೇರೆ. ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಹುಡುಗರು ಬಿಡಿಭಾಗಗಳನ್ನು ಹೊತ್ತು ತಿರುಗುತ್ತಿದ್ದರು. ಡಮಾಸ್ಕಸ್ ಕೊಳವೆಗಳು ಬೆಲ್ಜಿಯಂನ ಲಿಯೇಜ್ ಸೀಮೆಯಿಂದಲೂ ಬರುತ್ತಿದ್ದವು. ನಳಿಗೆಯ ಅಡಿಯಲ್ಲಿ, ಮರ ಮುಚ್ಚುವ ಕಡೆ, ಎರಡು ಪುಟ್ಟ ಇಂಗ್ಲಿಷ್ ಅಕ್ಷರಗಳಿದ್ದವು. ನಳಿಗೆ ಅರೆದವನೊಬ್ಬನ ಹೆಸರಿನ ಮೊದಲಕ್ಷರಗಳು. ಯಾರೂ ನೋಡದ ಕಡೆ ಒತ್ತಿದ ಅವೆರಡು ಅಕ್ಷರಗಳು ಪಟ್ಟಿಯ ಮೇಲಿನ ಅಷ್ಟುದ್ದದ ಹೆಸರಿಗಿಂತ ಹೆಚ್ಚು ನಿಜವಾದ ಅಂಕಿತವೆಂದು ನನಗೆ ತೋರಿತು. ಬೇಲೂರಿನಲ್ಲಿ ಬಳ್ಳಿಗಾವಿಯ ದಾಸೋಜ ವಿಗ್ರಹದ ಪೀಠದ ಮೇಲೆ ಹೆಸರು ಕೆತ್ತಿಕೊಂಡ. ಈ ಕೂಲಿಯವನಿಗೆ ಪೀಠವೂ ಇರಲಿಲ್ಲ.

ಟಿಪ್ಪುವಿನ ಕಾಲದ್ದೆಂದು ಬರೆದಿದ್ದರೆ ಈ ಮನುಷ್ಯನ ಎರಡು ಅಕ್ಷರಗಳನ್ನೂ, ಪಟ್ಟಣದ ಕಾರ್ಖಾನೆಯಲ್ಲಿ ನಿಜವಾಗಿ ದುಡಿದವರ ಹೆಸರನ್ನೂ ಒಂದೇ ಏಟಿಗೆ ಕಿತ್ತುಕೊಂಡಂತಾಗುತ್ತಿತ್ತು. ಸಹೋದ್ಯೋಗಿಗಳಿಗೆ ಇದನ್ನು ಹೇಳಿದರೆ, ಸತ್ತವರ ಮೇಲೆ ನಿಮಗೆ ಇರುವ ಮರುಕ ಬದುಕಿರುವ ಶಿಷ್ಯನ ಮೇಲಿಲ್ಲವಲ್ಲ ಎಂದರು. ಆ ಮಾತು ಈಗಲೂ ಚುಚ್ಚುತ್ತದೆ. ಹುಡುಗಿಯ ಶುಲ್ಕಕ್ಕೆ ಬೇರೆ ದಾರಿಯಾಯಿತು. ಆಗದೆ ಇದ್ದಿದ್ದರೆ ನನ್ನ ವಾದವನ್ನು ಇಷ್ಟು ನೆಮ್ಮದಿಯಿಂದ ಬರೆಯುತ್ತಿದ್ದೆನೇ ಎಂದು ಕೇಳಿಕೊಳ್ಳುತ್ತೇನೆ. ರುಜುವನ್ನಂತೂ ಹಾಕುತ್ತಿರಲಿಲ್ಲ.

ಮರದ ಹಿಡಿಯ ಕತ್ತು ಹಿಂದೊಮ್ಮೆ ಸೀಳಿತ್ತು. ಅಲ್ಲಿಗೆ ಹಿತ್ತಾಳೆಯ ತಗಡು ಸುತ್ತಿ, ಎಂಟು ಮೊಳೆ ಹೊಡೆದು ಬಿಗಿದಿದ್ದಾರೆ. ಒರಟು ಕೆಲಸ, ಆದರೆ ಕೂದಲೆಳೆಯಷ್ಟೂ ಅಲುಗುವುದಿಲ್ಲ. ತಮ್ಮ ತಂದೆಯ ಕಾಲದಲ್ಲಿ ಊರಿನ ಆಚಾರಿ ಮಾಡಿಕೊಟ್ಟದ್ದೆಂದು ಹಿರಿಯರು ಹೇಳಿದರು. ಮೂರು ಸೇರು ರಾಗಿ ಕೊಟ್ಟದ್ದೂ ಅವರಿಗೆ ನೆನಪಿದೆ.

ನಾನು ಬರೆದುಕೊಟ್ಟ ಕಾಗದದಲ್ಲಿ ಬರ್ಮಿಂಗ್‌ಹ್ಯಾಮ್, 1887ರಿಂದ 1904ರ ನಡುವೆ, ಹಾರಿಸಕೂಡದು ಎಂದಿತ್ತು. ಹಿರಿಯರು ಅದನ್ನು ಮೊಮ್ಮಗನಿಂದ ಓದಿಸಿಕೊಂಡು, ಆಚಾರಿಯ ಹೆಸರನ್ನೂ ಸೇರಿಸಿ ಎಂದರು. ಸೇರಿಸಿದೆ. ಕೊಳ್ಳುವವನು ಆಮೇಲೆ ಬರಲಿಲ್ಲ. ಪರವಾನಗಿಯ ಅವಧಿ ಬರುವ ವರ್ಷ ಮುಗಿಯುತ್ತದೆ. ಕೋವಿಯನ್ನು ಒಪ್ಪಿಸುವುದೋ, ಮೊಮ್ಮಗನ ಹೆಸರಿಗೆ ಅರ್ಜಿ ಹಾಕುವುದೋ ಎಂದು ಅವರ ಮನೆಯಲ್ಲಿ ಇನ್ನೂ ಮಾತು ನಡೆದಿದೆ.