ತೋಟೆ ಸಿಗದ ಕೋವಿ

ಒಂದು ಬಂದೂಕು ಯಾವತ್ತಿನಿಂದ ಬಂದೂಕಾಗಿ ಉಳಿಯೋದಿಲ್ಲ?

ಇದು ತಮಾಷೆಯ ಪ್ರಶ್ನೆಯಲ್ಲ. ಬ್ರಿಟನ್ನಿನ ಕಾನೂನು ಇದಕ್ಕೆ ಉತ್ತರವನ್ನೇ ಕೊಟ್ಟಿದೆ. ಅಲ್ಲಿನ 1968ರ ಫೈರ್‌ಆರ್ಮ್ಸ್ ಕಾಯ್ದೆಯ ಪ್ರಕಾರ ಪುರಾತನ ಬಂದೂಕನ್ನು ಬರೀ ಕುತೂಹಲಕ್ಕೋ ಅಲಂಕಾರಕ್ಕೋ ಇಟ್ಟುಕೊಂಡರೆ ಲೈಸೆನ್ಸ್ ಬೇಡ. ಪುರಾತನ ಅಂದ್ರೆ ಯಾವುದು ಅಂತ 2021ರ ನಿಯಮ ಬಿಡಿಸಿ ಹೇಳುತ್ತೆ. 1939ರ ಸೆಪ್ಟೆಂಬರ್ 1ಕ್ಕಿಂತ ಮುಂಚೆ ತಯಾರಾಗಿರಬೇಕು. ಈಗ ನಾನು ಹೇಳಹೊರಟಿರೋ ಜಾತಿಯ ರೈಫಲ್ ಆದರೆ ಅದರ ಕಾರ್ಟ್ರಿಡ್ಜು, ನಮ್ಮ ಮಲೆನಾಡಲ್ಲಿ ತೋಟೆ ಅಂತೀವಲ್ಲ ಅದು, ಬಳಕೆ ತಪ್ಪಿದವುಗಳ ಸರ್ಕಾರಿ ಪಟ್ಟಿಯಲ್ಲಿರಬೇಕು. ಅಂದರೆ ನಳಿಗೆ ಅದೇ, ಟ್ರಿಗರ್ ಅದೇ. ಬದಲಾಗಿದ್ದು ಸುತ್ತಲಿನ ಪ್ರಪಂಚ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದ್ರೆ, ಕೋಡ್ ಹಾಗೇ ಇದೆ, ಅದು ನಂಬಿಕೊಂಡಿದ್ದ ಲೈಬ್ರರಿಗೆ ಸಪೋರ್ಟ್ ನಿಂತಿದೆ.

ಕಾನೂನಿಗೆ ಇಷ್ಟು ಸಾಕು. ನನ್ನನ್ನು ಕಾಡೋದು ಇನ್ನೊಂದು: ತೋಟೆ ಸಿಗೋದು ನಿಂತ ದಿನ ಅದರ ಪಾಪವೂ ಎಕ್ಸ್‌ಪೈರ್ ಆಗುತ್ತಾ?

ಹತ್ತೊಂಬತ್ತನೇ ಶತಮಾನದ ಬ್ರಿಟಿಷ್ ಸಿಂಗಲ್ ಶಾಟ್ ಬೇಟೆ ರೈಫಲ್‌ಗಳನ್ನು ಸಂಗ್ರಹಿಸುವವರಿದ್ದಾರೆ. ಎಡಿನ್‌ಬರೊದ ಅಲೆಕ್ಸಾಂಡರ್ ಹೆನ್ರಿ, ಬರ್ಮಿಂಗ್‌ಹ್ಯಾಮಿನ ವೆಸ್ಟ್‌ಲಿ ರಿಚರ್ಡ್ಸ್, ಬ್ರಿಸ್ಟಲ್ಲಿನ ಜಾರ್ಜ್ ಗಿಬ್ಸ್, ಇವು ಅವರ ಬಾಯಲ್ಲಿ ಯಾವಾಗಲೂ ಇರೋ ಹೆಸರುಗಳು. ಸ್ಕಾಟ್ಲೆಂಡಿನ ಜಾನ್ ಫರ್ಕರ್ಸನ್ 1872ರಲ್ಲಿ ಪೇಟೆಂಟ್ ಪಡೆದ ವಿನ್ಯಾಸವನ್ನೇ ನೋಡಿ. ಟ್ರಿಗರಿನ ಕೆಳಗಿನ ಲಿವರ್ ಎಳೆದರೆ ನಳಿಗೆಯ ಹಿಂಬದಿ ಮುಚ್ಚಿದ್ದ ಉಕ್ಕಿನ ದಿಮ್ಮಿ ನೇರ ಕೆಳಕ್ಕೆ ಜಾರುತ್ತೆ. ಅದೇ ಎಳೆತಕ್ಕೆ ಒಳಗಿನ ಸುತ್ತಿಗೆಯೂ ಸಜ್ಜಾಗುತ್ತೆ. ಒಂದು ತೋಟೆ ಇಟ್ಟು ಲಿವರ್ ಮೇಲೆತ್ತಿದರೆ ಬಾಗಿಲು ಭದ್ರ. ಕೆಲವೇ ಭಾಗಗಳು, ಒಂದೂ ದಂಡವಿಲ್ಲ. ಅಮೆರಿಕದ ರೂಗರ್ ಕಂಪನಿ 1960ರ ದಶಕದಲ್ಲಿ ತನ್ನ 'ನಂಬರ್ 1' ರೈಫಲಿಗೆ ಸ್ಫೂರ್ತಿ ಪಡೆದದ್ದು ಇದರಿಂದಲೇ. ಮಾರಾಟಕ್ಕೆ ಮುಂಚೆ ಪ್ರೂಫ್ ಹೌಸಿನಲ್ಲಿ ಮಾಮೂಲಿಗಿಂತ ಹೆಚ್ಚು ಮದ್ದು ಹಾಕಿ ಹಾರಿಸಿ, ತಡೆದುಕೊಂಡರೆ ಮಾತ್ರ ಮುದ್ರೆ ಒತ್ತುತ್ತಿದ್ದರು. ಲೋಡ್ ಟೆಸ್ಟಿಂಗ್ ನಾವು ಕಂಡುಹಿಡಿದಿದ್ದಲ್ಲ ಬಿಡಿ!

ಇಂಥದ್ದನ್ನು ಇಷ್ಟಪಡೋದು ತಪ್ಪಾ? ಇಷ್ಟಪಡುವವರ ಕಡೆಯಿಂದ ಸಾಮಾನ್ಯವಾಗಿ ಮೂರು ವಾದ ಬರುತ್ತೆ. ಮೂರರಲ್ಲೂ ಹುರುಳಿದೆ.

ಮೊದಲನೇದು: "ನಾನು ಮೆಚ್ಚೋದು ಕುಸುರಿ, ಕೊಲೆಯನ್ನಲ್ಲ." ಸರಿ, ಒಂದು ಪರೀಕ್ಷೆ ಮಾಡೋಣ. ಆಫ್ರಿಕದಲ್ಲಿ ಆನೆ ಬೇಟೆಗೆ ಹೆಸರಾದ ಫ್ರೆಡರಿಕ್ ಸೆಲೂಸ್ ಗಿಬ್ಸ್ ಕಂಪನಿಯ ಫರ್ಕರ್ಸನ್ ಬಳಸಿದವನು. ನಿಮ್ಮ ಮುಂದೆ ಎರಡು ರೈಫಲ್‌ಗಳಿವೆ. ಒಂದು ಸೆಲೂಸ್ ಹಿಡಿದದ್ದು, ಇನ್ನೊಂದು ಅದೇ ಮಾದರಿ, ಅಷ್ಟೇ ಚೆನ್ನಾಗಿರೋದು, ಯಾರದ್ದೋ. ಒಂದೇ ಬೆಲೆ ಅಂದ್ರೆ ಯಾವುದನ್ನ ಎತ್ಕೊಳ್ತೀರಿ? ಕೈ ಮೊದಲನೇದರ ಕಡೆಗೇ ಹೋಗುತ್ತೆ, ಅಲ್ವಾ? ಕುಸುರಿ ಎರಡರಲ್ಲೂ ಒಂದೇ. ಹೆಚ್ಚಿಗೆ ಸಿಕ್ಕಿದ್ದು ಅದು ಮಾಡಿದ ಕೆಲಸದ ಕತೆ. ಹಾಗಾದ್ರೆ ಆ ಕತೆಯನ್ನು ಬೆಲೆ ಹೇಳುವಾಗ ಲೆಕ್ಕಕ್ಕೆ ಹಿಡಿದು, ನೀತಿ ಮಾತಾಡುವಾಗ ಬಿಟ್ಟುಬಿಡೋಕಾಗಲ್ಲ.

ಎರಡನೇದು: "ಒಂದೇ ಗುಂಡು ಅನ್ನೋದೇ ಒಂದು ಸಂಯಮ." ಇದು ನನಗೆ ತುಂಬಾ ಹಿಡಿಸೋ ವಾದ. ಮ್ಯಾಗಜಿನ್ ಇಲ್ಲದವನು ಕಾಯಬೇಕು, ಹತ್ತಿರ ಹೋಗಬೇಕು, ಖಾತ್ರಿಯಿಲ್ಲದಿದ್ದರೆ ಕೈ ತಡೀಬೇಕು. ಆ ಶಿಸ್ತು ಸುಳ್ಳಲ್ಲ. ಆದರೆ ದೊಡ್ಡ ಬೇಟೆಗಳಲ್ಲಿ ದೊರೆಯ ಹಿಂದೆ ಎರಡನೇ ಬಂದೂಕು ಹೊತ್ತು ಒಬ್ಬ ಆಳು ನಿಂತಿರುತ್ತಿದ್ದ. ಸಂಯಮದ ಹೆಸರು ಒಬ್ಬನಿಗೆ, ಭಾರ ಇನ್ನೊಬ್ಬನಿಗೆ. ಇನ್ನು ಪ್ರಾಣಿಯ ಕಡೆಯಿಂದ ನೋಡಿದರೆ, ಒಂದೇ ಗುಂಡು ಅನ್ನೋದು ಬೇಟೆಗಾರ ತನಗೆ ತಾನೇ ಹಾಕಿಕೊಂಡ ನಿಯಮ. ಆಟಕ್ಕೆ ಬರ್ತೀಯಾ ಅಂತ ಕಾಟಿಯನ್ನು ಯಾರೂ ಕೇಳಿರಲಿಲ್ಲ.

ಮೂರನೇದು: "ಎಲ್ಲಾ ಹಳೇ ಕತೆ, ಈಗ್ಯಾಕೆ?" ಹಳೇದು ನಿಜ. ಆದರೆ ಅದು ನಳಿಗೆಯ ಮೇಲೆ ಅಂಕಿಯಾಗಿ ಕೂತಿದೆ. 1878ರ ಆರ್ಮ್ಸ್ ಕಾಯ್ದೆ ಭಾರತೀಯರು ಆಯುಧ ಇಟ್ಟುಕೊಳ್ಳಲು ಲೈಸೆನ್ಸ್ ಕಡ್ಡಾಯ ಮಾಡಿ ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟಿತು. ಆಮೇಲೆ, ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ, ಪಾಯಿಂಟ್ 450 ಕ್ಯಾಲಿಬರಿನ ಬೇಟೆ ರೈಫಲ್‌ಗಳು ಭಾರತಕ್ಕೆ ಬರೋದನ್ನೇ ಸರ್ಕಾರ ತಡೆಯಿತು. ಕಾರಣ, ಸೈನ್ಯದ ಹಳೆ ಮಾರ್ಟಿನಿ-ಹೆನ್ರಿ ರೈಫಲಿನದೂ ಅದೇ ಅಳತೆ. ಬೇಟೆಗೆ ಅಂತ ಬಂದ ಗುಂಡು ದಂಗೆಕೋರರ ಕೈ ಸೇರಿದರೆ? ಹಾಗಾಗಿ ಬಂದೂಕು ತಯಾರಕರು 465, 470 ಅಂತ ಹೊಸ ಅಳತೆಗಳನ್ನು ತಂದರು. ಇವತ್ತಿನ ಸಂಗ್ರಾಹಕ 'ಅಪರೂಪದ ಕ್ಯಾಲಿಬರ್' ಅಂತ ಖುಷಿಪಡೋ ಅಂಕಿಯ ಹಿಂದೆ ನಮ್ಮ ಅಜ್ಜಂದಿರ ಬಗ್ಗೆ ಅವರಿಗಿದ್ದ ಭಯ ಇದೆ.

ಹಾಗಾದ್ರೆ ಇವನ್ನೆಲ್ಲ ಕರಗಿಸಿಬಿಡಬೇಕಾ? ನನಗೆ ಹಾಗನ್ನಿಸಲ್ಲ. ಕರಗಿಸಿದರೆ ಸಾಕ್ಷಿ ಹೋಗುತ್ತೆ, ನಡೆದದ್ದು ನಡೆಯದೇ ಹೋಗಲ್ಲ.

ನಮ್ಮೂರಲ್ಲಿ ಕೋವಿ ಅಂದ್ರೆ ಹಂದಿಯಿಂದ ಗದ್ದೆ ಕಾಯೋ ಸಾಮಾನು, ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ರಶೀದಿ ತರಬೇಕಾದ ತಲೆನೋವು. ಅದನ್ನು ಯಾರೂ ಶೋಕಿಗೆ ಇಟ್ಟುಕೊಂಡಿರಲಿಲ್ಲ. ಕೊಡಗಿನಲ್ಲಿ ಇನ್ನೊಂದು ರೀತಿ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಲೈಸೆನ್ಸಿನ ವಿನಾಯಿತಿ ಇದೆ. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ತೊಳೆದು, ತೋಕ್ ಪೂ ಮುಡಿಸಿ ಪೂಜಿಸ್ತಾರೆ. ಅಲ್ಲಿ ಅದು ಕುತೂಹಲವೂ ಅಲ್ಲ, ಅಲಂಕಾರವೂ ಅಲ್ಲ. ಅದು ಮನೆತನದ್ದು, ಅದಕ್ಕೆ ಜವಾಬ್ದಾರಿ ಅಂಟಿಕೊಂಡಿದೆ. ಬ್ರಿಟಿಷ್ ಕಾನೂನಿನ ಆ ಎರಡು ಪದಗಳಾಚೆ ಮೂರನೇದೊಂದು ದಾರಿ ಇದೆ ಅನ್ನೋದಕ್ಕೆ ಇಷ್ಟು ಸಾಕು.

ಆ ದಾರಿ ಸಂಗ್ರಾಹಕನಿಗೂ ಕಷ್ಟವಲ್ಲ. ಹಾಲೆಂಡ್ ಅಂಡ್ ಹಾಲೆಂಡ್, ವೆಸ್ಟ್‌ಲಿ ರಿಚರ್ಡ್ಸ್‌ನಂಥ ಕಂಪನಿಗಳಲ್ಲಿ ಹಳೆಯ ಲೆಡ್ಜರ್‌ಗಳಿವೆ. ಸೀರಿಯಲ್ ನಂಬರಿನಿಂದ ಮೊದಲ ಗಿರಾಕಿಯ ಹೆಸರು, ತಯಾರಾದ ದಿನ ಪತ್ತೆಯಾಗುತ್ತೆ. ಅದನ್ನು ಹೊತ್ತು ನಡೆದವನ ಹೆಸರಿಗೆ, ಹೊಡೆದುರುಳಿಸಿದ ಪ್ರಾಣಿಗಳಿಗೆ ಆ ಲೆಡ್ಜರಿನಲ್ಲಿ ಕಾಲಮ್ಮೇ ಇಲ್ಲ. ಆ ಕಾಲಮ್ ತಾನೇ ಸೇರಿಸಿ, ಗೊತ್ತಾದಷ್ಟನ್ನು ತುಂಬಿ, ಗೊತ್ತಾಗದ್ದನ್ನು ಖಾಲಿ ಬಿಟ್ಟು, ರೈಫಲ್ ಕೈ ಬದಲಾಯಿಸುವಾಗ ಆ ಹಾಳೆಯನ್ನೂ ಜೊತೆಗೆ ಕೊಡುವವನನ್ನು ನಾನು ಸಂಗ್ರಾಹಕ ಅಂತೀನಿ. ಉಳಿದವರು ಗಿರಾಕಿಗಳು.

ನಾನಾಗಲೀ ನೀವಾಗಲೀ ಫರ್ಕರ್ಸನ್ ಕೊಳ್ಳೋದು ಅಷ್ಟರಲ್ಲೇ ಇದೆ. ಆದರೆ ವೀಕೆಂಡಿಗೆ ಹೋಗೋ ಎಸ್ಟೇಟ್ ಬಂಗಲೆಯ ಗೋಡೆ ಮೇಲೆ ಹಳೆ ರೈಫಲ್ಲು, ಪಕ್ಕದಲ್ಲಿ ಕಾಟಿಯ ಕೊಂಬು ಕಂಡರೆ ಸೆಲ್ಫಿಗೆ ನಿಲ್ಲೋ ಮೊದಲು ಮ್ಯಾನೇಜರನ್ನು ಒಂದು ಮಾತು ಕೇಳಿ: ಇದು ಯಾರದ್ದು, ಹೊತ್ತವರು ಯಾರು? ಅವರಿಗೆ ಗೊತ್ತಿಲ್ಲದೇ ಇರಬಹುದು. ಮುಂದಿನ ಸಲ ಯಾರಾದರೂ ಕೇಳಿದಾಗ, ಗೊತ್ತಿರಬೇಕಿತ್ತು ಅಂತಾದರೂ ಅನ್ನಿಸುತ್ತೆ.