ಕಾರ್ಡಿನ ಬೆನ್ನಲ್ಲಿ ಬರೆಯದ ಲೆಕ್ಕ



ಕ್ರಿಸ್ಮಸ್ಸಿಗೆ ಮುಂಚೆ ಮನೆಗೆ ಸುಣ್ಣ ಬಳಿಯುವಾಗ ಅಟ್ಟದಿಂದ ಏನೇನೋ ಕೆಳಗಿಳಿಯುತ್ತವೆ. ಶಿಡ್ಲಘಟ್ಟದ ನಮ್ಮ ಪರಿಚಯದ ಮನೆಯೊಂದರಲ್ಲಿ ಹಾಗೆ ಇಳಿದದ್ದು ಒಂದು ತಗಡಿನ ಡಬ್ಬಿ. ಅದರಲ್ಲಿ ಮನೆಯ ಯಜಮಾನರು ಹುಡುಗರಾಗಿದ್ದಾಗ ಕೂಡಿಟ್ಟ ಕ್ರಿಕೆಟ್ ಕಾರ್ಡುಗಳಿದ್ದವು. ಒಂದರ ಮೇಲೆ ನಮ್ಮ ಮೈಸೂರಿನವರಾದ ಬಿ.ಎಸ್. ಚಂದ್ರಶೇಖರ್ ಅವರ ಚಿತ್ರ. ಹಿಂಬದಿಯಲ್ಲಿ ಲೆಕ್ಕ: ಟೆಸ್ಟ್ ಪಂದ್ಯ 58, ವಿಕೆಟ್ 242, ರನ್ 167.

ಆ ಮನೆಯ 11 ವರ್ಷದ ಮಗನ ಬಲಗೈಯಲ್ಲಿ ಹುಟ್ಟಿನಿಂದಲೇ ಶಕ್ತಿಯಿಲ್ಲ. ತಂದೆ ಕಾರ್ಡನ್ನು ಅವನ ಕೈಗಿತ್ತು, "ನೋಡಪ್ಪ, ಇವರದೂ ಸೊರಗಿದ ಬಲಗೈ. ಆ ಕೈಯಿಂದಲೇ ದೊಡ್ಡವರಾದರು" ಎಂದರು. ಹುಡುಗ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು ವಾರವಿಡೀ ಚೆಂಡೆಸೆದ. ಚೆಂಡು ಅರ್ಧ ದಾರಿಯನ್ನೂ ಮುಟ್ಟಲಿಲ್ಲ. ಶನಿವಾರ ರಾತ್ರಿ ಅತ್ತು ಮಲಗಿದನಂತೆ. ಭಾನುವಾರ ಧರ್ಮೋಪದೇಶದ ತರಗತಿ ಮುಗಿದ ಮೇಲೆ ಅವನ ತಾಯಿ ನನ್ನನ್ನು ಕೇಳಿದರು: "ಮೇಷ್ಟ್ರೇ, ಅವರೇನೋ ಸಾಧಿಸಿದರು. ನನ್ನ ಮಗ ಏನೂ ಸಾಧಿಸದಿದ್ದರೆ?"

ನಾನು ತಕ್ಷಣ ಉತ್ತರ ಕೊಡಲಿಲ್ಲ. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?

ಚಂದ್ರಶೇಖರ್ ಹುಟ್ಟಿದ್ದು 1945ರಲ್ಲಿ. ಎಳವೆಯಲ್ಲೇ ಪೋಲಿಯೊ ತಗಲಿ ಬಲಗೈ ಸೊರಗಿತು. ಮೈದಾನದಲ್ಲಿ ಚೆಂಡನ್ನು ಹಿಡಿದು ಹಿಂದಿರುಗಿಸಲು ಎಡಗೈ ಬೇಕಾಗುತ್ತಿತ್ತು. ಆದರೆ ಬೌಲಿಂಗ್ ಮಾಡುತ್ತಿದ್ದುದು ಅದೇ ಸೊರಗಿದ ಬಲಗೈಯಿಂದ. 1964ರಲ್ಲಿ ಇಂಗ್ಲೆಂಡ್ ವಿರುದ್ಧ ಮುಂಬಯಿಯಲ್ಲಿ ಮೊದಲ ಟೆಸ್ಟ್ ಆಡಿದರು. 1971ರ ಆಗಸ್ಟಿನಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ಪಡೆದರು. ಇಂಗ್ಲೆಂಡ್ 101ಕ್ಕೆ ಕುಸಿಯಿತು. ಆ ನೆಲದಲ್ಲಿ ಭಾರತ ಮೊಟ್ಟಮೊದಲ ಬಾರಿಗೆ ಟೆಸ್ಟ್ ಗೆದ್ದಿತು, ಸರಣಿಯನ್ನೂ ಗೆದ್ದಿತು. ಸತತ 15 ವರ್ಷ ರಣಜಿ ಟ್ರೋಫಿಯನ್ನು ಬಿಡದಿದ್ದ ಮುಂಬಯಿಯನ್ನು 1974ರಲ್ಲಿ ಸೋಲಿಸಿ ಕರ್ನಾಟಕ ಮೊದಲ ಸಲ ಅದನ್ನು ಗೆದ್ದಾಗಲೂ ಅವರು ತಂಡದಲ್ಲಿದ್ದರು.

ಆದರೆ ಕಾರ್ಡಿನ ಕೊನೆಯ ಅಂಕಿಯನ್ನು ಮತ್ತೊಮ್ಮೆ ನೋಡಿ. 58 ಟೆಸ್ಟ್‌ಗಳಲ್ಲಿ 167 ರನ್. ಪಡೆದ ವಿಕೆಟ್ಟಿಗಿಂತಲೂ ಹೊಡೆದ ರನ್ ಕಡಿಮೆ! ಬ್ಯಾಟಿಂಗ್ ಬರಲಿಲ್ಲವೆಂದು ತಂಡ ಅವರನ್ನು ಹೊರಗೆ ಹಾಕಲಿಲ್ಲ. ಅವರ ಪಾಲಿನ ರನ್ನನ್ನು ಬೇರೆಯವರು ಹೊಡೆದರು. ಓವಲ್‌ನಲ್ಲಿ ಅವರ ಬೌಲಿಂಗಿಗೆ ಕ್ಯಾಚ್ ಹಿಡಿಯಲು ಸೋಲ್ಕರ್, ವೆಂಕಟರಾಘವನ್ ಬ್ಯಾಟಿನ ಸಮೀಪ ಕಾದು ನಿಂತಿದ್ದರು. ನಾಯಕ ವಾಡೇಕರ್ ನಂಬಿ ಚೆಂಡು ಕೊಟ್ಟರು. ಈ ಆಸರೆಯ ಲೆಕ್ಕ ಯಾವ ಕಾರ್ಡಿನ ಬೆನ್ನಲ್ಲೂ ಇರುವುದಿಲ್ಲ.

ಇನ್ನೊಂದು ಸಂಗತಿಯೂ ಕಾರ್ಡಿನಲ್ಲಿಲ್ಲ. 1979ರಲ್ಲಿ ಅವರ ಟೆಸ್ಟ್ ಬದುಕು ಮುಗಿಯಿತು. 1991ರಲ್ಲಿ ಲಾರಿ ಅಪಘಾತದಲ್ಲಿ ಕಾಲಿಗೆ ತೀವ್ರ ಪೆಟ್ಟಾಗಿ ನಡೆಯುವುದೇ ಕಷ್ಟವಾಯಿತು. ಅಂದು ಅವರ ಬೆಲೆ ಇಳಿಯಿತೇ? ಇಲ್ಲವೆಂದು ನಾವೆಲ್ಲ ಹೇಳುತ್ತೇವೆ. ಹಾಗಾದರೆ ಆ ಬೆಲೆ ವಿಕೆಟ್ಟುಗಳಿಂದ ಬಂದದ್ದಲ್ಲ ಎಂದಾಯಿತು.

ನಮ್ಮ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ರೇಷ್ಮೆಗೂಡಿಗೆ ಗುಣ ನೋಡಿ ಬೆಲೆ ಕಟ್ಟುತ್ತಾರೆ. ಗೂಡಿಗೆ ಅದು ಸರಿ. ಅಮೆರಿಕದಲ್ಲಿ ಹೋನಸ್ ವ್ಯಾಗ್ನರ್ ಎಂಬ ಬೇಸ್‌ಬಾಲ್ ಆಟಗಾರರ ಹಳೆಯ ಕಾರ್ಡೊಂದು 2022ರಲ್ಲಿ 72 ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಹೋಯಿತು. ಅಂಥವು ಕೆಲವೇ ಉಳಿದಿವೆ ಎಂಬುದೇ ದೊಡ್ಡ ಕಾರಣ. ಕಾರ್ಡಿಗೆ ಅದೂ ಸರಿ. ಮಕ್ಕಳನ್ನೂ ಹೀಗೆಯೇ ತೂಗಬಹುದೇ? ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಗೌರಿಬಿದನೂರಾಗಲಿ, ಚಿಂತಾಮಣಿಯಾಗಲಿ, ಚಿಕ್ಕಬಳ್ಳಾಪುರವಾಗಲಿ, ಎಷ್ಟು ಮನೆಗಳಲ್ಲಿ ಪಕ್ಕದ ಮನೆಯ ಮಗುವಿನ ಅಂಕವೇ ನಮ್ಮ ಮಗುವಿಗೆ ಬೆತ್ತವಾಗುವುದಿಲ್ಲ? ದೊಡ್ಡವರ ಜೀವನಚರಿತ್ರೆಯೂ ಹಾಗೆ ಬೆತ್ತವಾಗಬಹುದು.

ಸಂತ ಲೂಕರ ಶುಭಸಂದೇಶದ 6ನೇ ಅಧ್ಯಾಯವನ್ನು ಇಂದು ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ ಓದಿರಿ. ಸಬ್ಬತ್ ದಿನ ಪ್ರಾರ್ಥನಾ ಮಂದಿರದಲ್ಲಿ ಕೈ ಬತ್ತಿದವನೊಬ್ಬನಿದ್ದ. ಬತ್ತಿದ್ದು ಬಲಗೈ ಎಂದು ಲೂಕರು ನೆನಪಿಟ್ಟು ಹೇಳುತ್ತಾರೆ. ಪ್ರಭು ಯೇಸು ಮೊದಲು ಅವನನ್ನು ಎಲ್ಲರ ನಡುವೆ ಬಂದು ನಿಲ್ಲುವಂತೆ ಕರೆಯುತ್ತಾರೆ, ಗುಣಪಡಿಸುವುದು ಆಮೇಲೆ. ಆತ ನಡುವೆ ನಿಂತಾಗ ಕೈ ಇನ್ನೂ ಬತ್ತಿದ ಕೈಯೇ! ಗುಣವಾದ ಮೇಲೆ ಆ ಕೈಯಿಂದ ಏನು ಸಾಧಿಸಿದ ಎಂಬುದನ್ನು ಶುಭಸಂದೇಶ ಬರೆದಿಟ್ಟಿಲ್ಲ. ಅವನ ಕಾರ್ಡಿನ ಹಿಂಬದಿ ಖಾಲಿ. ಆದರೂ ಪ್ರಭು ಅವನಿಗೆ ನಡುವಿನ ಸ್ಥಾನವನ್ನೇ ಕೊಟ್ಟರು.

ಇದನ್ನೇ ಆ ತಾಯಿಗೆ ಹೇಳಿದೆ: "ನಿಮ್ಮ ಮಗ ಏನನ್ನೂ ಸಾಧಿಸದಿದ್ದರೂ ಅವನ ಜಾಗ ನಡುವೆಯೇ, ಅಮ್ಮಾ. ಪ್ರಯತ್ನ ಬೇಡವೆಂದಲ್ಲ. ಜಾಗ ಮೊದಲು, ಪ್ರಯತ್ನ ಆಮೇಲೆ."

ಮರುವಾರ ದೇವಾಲಯದ ಹಿಂದಿನ ಬಯಲಿನಲ್ಲಿ ಹುಡುಗರು ಅವನನ್ನೂ ಆಟಕ್ಕೆ ಸೇರಿಸಿಕೊಂಡರು. ಎಡಗೈಯಿಂದ ಒಂದು ಓವರ್ ಹಾಕಿದ. ಒಂದು ವಿಕೆಟ್ಟೂ ಬೀಳಲಿಲ್ಲ. ಮನೆಗೆ ಹೋಗುವಾಗ ನಗುತ್ತಿದ್ದ.

ಪ್ರಿಯ ತಂದೆತಾಯಿಯರೇ, ನಿಮ್ಮ ಮನೆಯಲ್ಲೂ ಗೋಡೆಗೆ ಒರಗಿ ಹಿಂದೆ ನಿಂತವರು ಒಬ್ಬರಾದರೂ ಇರಬಹುದು. ಓದಿನಲ್ಲಿ ಹಿಂದುಳಿದ ಮಗಳು, ಕೆಲಸ ಸಿಗದ ಮಗ, ಹಾಸಿಗೆ ಹಿಡಿದ ಅಜ್ಜಿ. ಈ ಕ್ರಿಸ್ಮಸ್ಸಿನಲ್ಲಿ ಅವರನ್ನು ನಡುವೆ ಕರೆಯಿರಿ. ಅವರ ಲೆಕ್ಕವನ್ನು ದೇವರಿಗೆ ಬಿಡಿರಿ.